ಒಗೆದು ಬಂದ ಇಪ್ಪತ್ತನಾಲ್ಕು ಅಂಗಿ

ಹೋದ ವಾರ ಹಳೆಯ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಬಿಳಿ ಅಂಗಿ ಸಿಕ್ಕಿತು. ತುಂಬು ತೋಳಿನ, ಗಂಡಸರ, ಒರಟು ಹತ್ತಿಯ ಅಂಗಿ. ನಮ್ಮ ಮನೆಯಲ್ಲಿ ಯಾರೂ ತೊಟ್ಟದ್ದಲ್ಲ. ಇಷ್ಟು ವರ್ಷವಾದರೂ ಇಸ್ತ್ರಿಯ ಗೆರೆ ಹಾಗೇ ಇತ್ತು. ಕಾಲರಿನ ಒಳಗೆ ನೋಡಿದೆ. ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರು ಬೀಜದ ಕಪ್ಪಿನಲ್ಲಿ ಒಂದು ಗೆರೆ, ಎರಡು ಚುಕ್ಕೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಗಳು ಬಂದು, "ಯಾರ್ದಮ್ಮ ಅದು?" ಅಂದಳು. ಎಲ್ಲಿಂದ ಶುರು ಮಾಡಲಿ... "ನಮ್ಮ ಆಫೀಸಿಂದು ಕಣೇ," ಅಂದೆ.

ಆಗ ನಾನು ಒಂದು ಆರೋಗ್ಯ ಅಧ್ಯಯನದಲ್ಲಿ ಫೀಲ್ಡ್ ಕೆಲಸಕ್ಕಿದ್ದೆ. ನನ್ನ ಊರು ಕಡೂರು. ಆಫೀಸು ತರೀಕೆರೆಯಲ್ಲಿ, ಬಾಡಿಗೆ ಮನೆಯೊಂದರ ಮಹಡಿಯ ಮೇಲೆ. ಬೆಳೆಗೆ ಔಷಧಿ ಹೊಡೆಯುವವರ ಮೈಗೆ ಆ ಔಷಧಿ ಎಷ್ಟು ಸೇರುತ್ತದೆ, ವರ್ಷ ಕಳೆದಂತೆ ಅವರ ನರಗಳಿಗೆ ಏನಾಗುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ. ಕೇಳಲು ಸುಲಭ, ಮಾಡಲು ಹೋದರೆ ಮೊದಲ ಹೆಜ್ಜೆಗೇ ಸುಸ್ತು. ಕಾಯಿಲೆ ಇದೆಯೋ ಇಲ್ಲವೋ ಡಾಕ್ಟರು ನೋಡಿ ಹೇಳುತ್ತಾರೆ. ಹತ್ತು ವರ್ಷದ ಹಿಂದೆ ಯಾರ ಮೈಮೇಲೆ ಎಷ್ಟು ತುಂತುರು ಬಿದ್ದಿತ್ತು ಎಂದು ಯಾರು ಹೇಳುತ್ತಾರೆ?

ಹಾಳೆ ಹಿಡಿದು ಲಿಂಗದಹಳ್ಳಿಯಿಂದ ಹಿರೇನಲ್ಲೂರಿನವರೆಗೆ ಮನೆಮನೆ ಸುತ್ತಿದೆ. "ವರ್ಷಕ್ಕೆ ಎಷ್ಟು ದಿನ ಹೊಡೀತೀರಿ?" ಎಂದು ಕೇಳಿದರೆ, "ನುಸಿ ಎಷ್ಟು ದಿನ ಬತ್ತದೋ ಅಷ್ಟು ದಿನ ಕಣ್ರೀ," ಎನ್ನುವರು. ಯಾವ ಔಷಧಿ ಎಂದರೆ, ಹಸಿರು ಮುಚ್ಚಳದ್ದು. ಹೋದ ವರ್ಷ? ಹೋದ ವರ್ಷ ಕೆಂಪು ಮುಚ್ಚಳದ್ದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಂಜೆ ಆಫೀಸಿಗೆ ಬಂದು ಹಾಳೆಗಳನ್ನು ಮೇಜಿನ ಮೇಲೆ ಕುಕ್ಕುತ್ತಿದ್ದೆ.

ಅಧ್ಯಯನದ ಮುಖ್ಯಸ್ಥರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಸಾವಿರಾರು ಜನರನ್ನು ಹೀಗೆ ಕೇಳಿ ಮುಗಿಯುವುದಿಲ್ಲ ಎಂದು ಅವರು ಒಂದು ಕೋಷ್ಟಕ ಮಾಡಿಸಿದರು. ಎಡಗಡೆ ಕಸುಬು, ಬಲಗಡೆ ಅಂಕ. ಔಷಧಿ ಹೊಡೆಯುವವನಿಗೆ ಮೂರು, ಕಳೆ ಕೀಳುವವರಿಗೆ ಎರಡು, ಬದುವಿನ ಮೇಲೆ ನಿಂತು ನೋಡುವ ಯಜಮಾನನಿಗೆ ಒಂದು, ಸಂಬಂಧವೇ ಇಲ್ಲದವರಿಗೆ ಸೊನ್ನೆ. ಸೊನ್ನೆಯವರೂ ಬೇಕೇ ಬೇಕು. ಅವರನ್ನು ಪಕ್ಕದಲ್ಲಿಟ್ಟು ನೋಡಿದರೆ ತಾನೆ ಮೂರರವರಿಗೆ ಏನಾಗಿದೆ ಎಂದು ಗೊತ್ತಾಗುವುದು? "ಈ ಸೀಮೆ ನಿಮಗೆ ಚೆನ್ನಾಗಿ ಗೊತ್ತಲ್ಲ, ನೀವೇ ತುಂಬಿ," ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಮ್ಮೆ ಕೇಳಬೇಡಿ! ಒಂದು ಸಂಜೆ ಟೀ ಕುಡಿಯುತ್ತಾ ತುಂಬಿಬಿಟ್ಟೆ. ಅಂಗಡಿಯವರು, ಸೊನ್ನೆ. ಟೈಲರು, ಸೊನ್ನೆ. ಅಂಗನವಾಡಿ ಟೀಚರು, ಸೊನ್ನೆ. ಬಟ್ಟೆ ಒಗೆಯುವವರು, ಸೊನ್ನೆ. ಆ ಕೊನೆಯ ಸೊನ್ನೆ ಹಾಕಿದ ಕೈ ಇದೇ.

ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆ ಹೋಗುವ ದಾರಿಯಲ್ಲಿ ಒಂದು ಈರುಳ್ಳಿ ಬೆಳೆಯುವ ಊರು. ಹೆಸರು ಬೇಡ ಬಿಡಿ. ಅಲ್ಲಿ ಔಷಧಿ ಹೊಡೆದು ಬಂದ ಗಂಡಸು ಆ ಬಟ್ಟೆಯಲ್ಲಿ ಹೊಸ್ತಿಲು ದಾಟುವಂತಿರಲಿಲ್ಲ. ದೇವರಿರುವ ಮನೆ, ಮಕ್ಕಳಿರುವ ಮನೆ ಎಂದು ಹೆಂಗಸರು ಬಿಡುತ್ತಿರಲಿಲ್ಲ. ಕೊಟ್ಟಿಗೆಯ ಹೊರಗೋಡೆಗೆ ಒಂದು ಗೂಟ, ಅಂಗಿ ಲುಂಗಿ ಎಲ್ಲ ಅದಕ್ಕೆ. ಬೆಳಿಗ್ಗೆ ಬಟ್ಟೆಯಜ್ಜಿ ಬಂದು ಗೂಟದಿಂದ ತೆಗೆದುಕೊಂಡು ಹೋಗುತ್ತಿದ್ದರು.

ಬಟ್ಟೆಯಜ್ಜಿ ಎಂದೇ ಊರೆಲ್ಲ ಅವರನ್ನು ಕರೆಯುತ್ತಿತ್ತು. ತಲೆತಲಾಂತರದಿಂದ ಊರಿನ ಬಟ್ಟೆ ಒಗೆದ ಮನೆತನ. ಮಗ ಅಜ್ಜಂಪುರದಲ್ಲಿ ಆಟೋ ಓಡಿಸುತ್ತಿದ್ದ, ಅವನಿಗೆ ಈ ಕೆಲಸ ಬೇಡವಾಗಿತ್ತು. ಅಷ್ಟು ಹೊತ್ತಿಗೆ ಮನೆಮನೆಗೂ ವಾಷಿಂಗ್ ಮಿಷಿನ್ ಬಂದಿತ್ತು. "ಸೀರೆ ಪಂಚೆ ಎಲ್ಲ ಮಿಷಿನ್ನಿಗೆ ಹೋಯ್ತವ್ವ. ಮಿಷಿನ್ನು ಕೆಟ್ಟೋಯ್ತದೆ ಅಂತ ಔಷ್ದಿ ಬಟ್ಟೆ ಮಾತ್ರ ನಂಗೆ ಬಿಟ್ಟವ್ರೆ," ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ.

ಆ ಮುಂಗಾರಿನಲ್ಲಿ ದೊಡ್ಡ ಡಾಕ್ಟರು ಹೊಸ ಉಪಾಯ ತಂದರು. ಬಾಯಿಮಾತು ಸಾಕು, ಮೈಮೇಲೆ ಎಷ್ಟು ಬೀಳುತ್ತದೆ ಎಂದು ಅಳೆದೇ ನೋಡೋಣ. ಇಪ್ಪತ್ತನಾಲ್ಕು ಜನಕ್ಕೆ ಇಪ್ಪತ್ತನಾಲ್ಕು ಹೊಸ ಬಿಳಿ ಅಂಗಿ. ಅದನ್ನು ತೊಟ್ಟು ಔಷಧಿ ಹೊಡೆಯಬೇಕು, ಬಿಚ್ಚಿ ನಂಬರು ಬರೆದ ಕವರಿಗೆ ಹಾಕಬೇಕು, ನಾನು ಅದೇ ಸಂಜೆ ಐಸ್ ಪೆಟ್ಟಿಗೆಯಲ್ಲಿ ಒಯ್ಯಬೇಕು. ಲ್ಯಾಬಿನವರು ಅಂಗಿಯನ್ನು ತುಂಡು ತುಂಡು ಮಾಡಿ, ತೋಳಿನಲ್ಲಿ ಎಷ್ಟು ಔಷಧಿ, ಎದೆಯಲ್ಲಿ ಎಷ್ಟು, ಬೆನ್ನಿನಲ್ಲಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆದರೆ ಅದೇ ವಾರ ಕಡೂರಿನಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. "ಕವರಲ್ಲಿ ಹಾಕಿ ಇಟ್ಟಿರಿ, ಸೋಮವಾರ ಬಂದು ತಗೊಂಡು ಹೋಗ್ತೀನಿ," ಎಂದು ಎಲ್ಲರಿಗೂ ಹೇಳಿ ರೇಷ್ಮೆ ಸೀರೆ ಉಡಲು ಹೊರಟುಹೋದೆ.

ಸೋಮವಾರ ಬಸ್ಸಿಳಿದರೆ, ಅರಳಿಕಟ್ಟೆಯ ಮೇಲೆ ಬಟ್ಟೆಯಜ್ಜಿ ನನಗಾಗಿ ಕಾದು ಕೂತಿದ್ದರು. ಪಕ್ಕದಲ್ಲಿ ಒಂದರ ಮೇಲೊಂದು ಅಂಗಿಗಳು. ಮಲ್ಲಿಗೆಯ ಹಾಗೆ ಬೆಳ್ಳಗೆ ಒಗೆದು, ಇಸ್ತ್ರಿ ಹಾಕಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದರು. ಕವರುಗಳನ್ನೂ ಬಿಟ್ಟಿರಲಿಲ್ಲ. ತೊಳೆದು, ಒಣಗಿಸಿ, ದಾರ ಕಟ್ಟಿ ಇಟ್ಟಿದ್ದರು. ನಾನು ಬರೆದ ನಂಬರುಗಳೆಲ್ಲ ನೀರುಪಾಲು.

"ಇಪ್ಪತ್ತನಾಲ್ಕೂ ಅವೆ, ಎಣಿಸ್ಕೋ ಮಗಾ," ಎಂದರು ಅಜ್ಜಿ.

ನಾನು ಕಿರುಚಿಯೇಬಿಟ್ಟೆ. "ಯಾರ್ ಅಜ್ಜಿ ನಿಮಗೆ ಒಗೀರಿ ಅಂದಿದ್ದು?"

"ಹಂಗಂದ್ರೆ? ಆಫೀಸ್ನೋರಿಗೆ ಕೊಳೆ ಅಂಗಿ ವಾಪಸ್ ಕೊಡಾಕಾಗ್ತದಾ? ಊರ್ ಮರ್ಯಾದೆ ಏನಾಗ್ಬೇಕು?"

ವಿಚಾರಿಸಿದರೆ ಇದು ಅಜ್ಜಿಯೊಬ್ಬರ ತೀರ್ಮಾನವಲ್ಲ. ಅಂಗಿ ಕೊಟ್ಟವರಿಗೆ ಬೆವರು ನಾರುವ ಅಂಗಿ ಹಿಂತಿರುಗಿಸುವುದು ಹೇಗೆ ಎಂದು ಇಪ್ಪತ್ತನಾಲ್ಕು ಮನೆಯ ಹೆಂಗಸರೂ ಮಾತಾಡಿಕೊಂಡು, ಕವರಿನಿಂದ ತೆಗೆದು ಗೂಟಕ್ಕೆ ಹಾಕಿದ್ದರು. ಅಜ್ಜಿ ಕಾಲರಿನೊಳಗೆ ಗುರುತನ್ನೂ ಹಾಕಿಬಿಟ್ಟಿದ್ದರು. ಊರಿನ ಪ್ರತಿ ಮನೆಗೂ ಅವರದೊಂದು ಗುರುತಿತ್ತು. ಒಂದು ಗೆರೆ, ಎರಡು ಚುಕ್ಕೆ ಎಂದು ಹೊಸದಾಗಿ ಹುಟ್ಟಿಸಿದ್ದು ನಮಗೆ. "ನಿಮ್ದೂ ಒಂದು ಮನೆ ಅಲ್ವಾ," ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಲ್ಯಾಬಿಗೆ ಏನು ಹೇಳಲಿ, ಡಾಕ್ಟರಿಗೆ ಯಾವ ಮುಖ ತೋರಿಸಲಿ? ಮದುವೆಯೂಟ ಉಂಡು ಬಂದವಳು ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಅಜ್ಜಿ ನನ್ನ ಪಕ್ಕಕ್ಕೆ ಸರಿದು ಕೂತರು. ಆಮೇಲೆ ಮೆತ್ತಗೆ ಕೇಳಿದರು:

"ಈ ಅಂಗೀಲಿ ನಿಂಗೆ ಏನ್ ಬೇಕಾಗಿತ್ತು?"

"ಔಷಧಿ ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿದೆ ಅಂತ ನೋಡ್ಬೇಕಾಗಿತ್ತು."

"ಅಷ್ಟೇನಾ? ಬರ್ಕೋ. ಒಗ್ದೋಳು ನಾನಲ್ವಾ?"

ಕೋಪಕ್ಕೇ ಪುಸ್ತಕ ತೆಗೆದೆ. ಅಂಗಿಗಳನ್ನು ಮೇಲ್ಗೇರಿಯಿಂದ ಕೆಳಗೇರಿಯವರೆಗೆ ಮನೆಗಳ ಸಾಲಿನಲ್ಲೇ ಜೋಡಿಸಿದ್ದರು, ಹಾಗಾಗಿ ಯಾವುದು ಯಾರದೆಂದು ಅವರಿಗೆ ಸಂದೇಹವೇ ಇಲ್ಲ. ಮೊದಲನೆಯದನ್ನು ಎತ್ತಿ, ಬೆನ್ನಿನ ಕೆಳಗೆ ಬಲಗಡೆ ಬೆರಳಿಟ್ಟರು. "ಇವ್ನು ಬೆನ್ನಿಗೆ ಹಾಕ್ಕಳೋ ಔಷ್ದಿ ಕ್ಯಾನು ಸೋರ್ತದೆ, ಇಲ್ಲೇ." ಎರಡನೆಯದು ಬಲತೋಳು, ಮೊಣಕೈವರೆಗೆ. "ಇವ್ನು ಕೋಲಲ್ಲಿ ಕಲ್ಸಲ್ಲ, ಕೈ ಅದ್ದಿ ಕಲಸ್ತಾನೆ." ಮೂರನೆಯವನು ಗಾಳಿಗೆ ಎದುರಾಗಿ ಹೊಡೆಯುವವನು, ಎದೆಯೆಲ್ಲ ಔಷಧಿ. ನಾಲ್ಕನೆಯವನು ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುವವನು, ಕಾಲರಿನ ಕೆಳಗೆ ಸಣ್ಣ ಹನಿ. ಹೀಗೇ ಹೇಳುತ್ತಾ ಹೋದರು... ನನ್ನ ಅಳು ಯಾವಾಗ ನಿಂತಿತೋ ಗೊತ್ತಿಲ್ಲ. ಹನ್ನೊಂದನೆಯ ಅಂಗಿ ಎತ್ತಿದವರು ಕಿಸಕ್ಕನೆ ನಕ್ಕರು. "ಇದು ಔಷ್ದಿ ಕಂಡೇ ಇಲ್ಲ ಕಣವ್ವ. ಹೊಸಾ ಅಂಗಿ ಅಂತ ಅಜ್ಜಂಪುರದ ಸಂತೆಗೆ ಹಾಕ್ಕಂಡೋಗವ್ನೆ. ಜೇಬತ್ರ ಎಲೆಅಡಿಕೆ ಕರೆ ಒಂದಿತ್ತು, ಅಷ್ಟೆ."

ನೇರವಾಗಿ ಅವನ ಮನೆಗೆ ಹೋದೆ. ನನ್ನ ಹಾಳೆಯಲ್ಲಿ ಅವನು ತಿಂಗಳಿಗೆ ನಾಲ್ಕು ದಿನ ಹೊಡೆಯುತ್ತೇನೆ ಎಂದು ಬರೆಸಿದ್ದ. "ಸಂತೆಗೆ ಹೋಗಿದ್ರಂತೆ?" ಎಂದೆ. ಅವನು ತಲೆ ಕೆರೆದುಕೊಂಡು, "ಅಂಗಿ ಚೆನ್ನಾಗಿತ್ತು ಮೇಡಂ," ಎಂದ.

ಹೇಗೆ ಗೊತ್ತಾಗುತ್ತದೆ ಎಂದು ಅಜ್ಜಿಯನ್ನು ಕೇಳಿದೆ. ಅವರು ನನ್ನನ್ನು ಊರ ಹೊರಗಿನ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಲುಂಗಿಯನ್ನು ನೀರಿನಲ್ಲಿ ಇಳಿಬಿಟ್ಟರು. ಔಷಧಿ ಇರುವ ಜಾಗದಿಂದ ನೀರು ಹಾಲಿನ ಬಣ್ಣಕ್ಕೆ ತಿರುಗಿ ಎಳೆಎಳೆಯಾಗಿ ಹರಿಯಿತು. "ಕಣ್ಣಿಗೆ ಇಷ್ಟು ಕಾಣ್ತದೆ. ಮಿಕ್ಕಿದ್ದು ಬೆರಳಿಗೆ. ಔಷ್ದಿ ಇದ್ದತ್ರ ಬೆರಳು ಚುಮುಚುಮು ಅಂತದೆ. ಜಾಸ್ತಿ ಇದ್ರೆ ಜಾಸ್ತಿ ಚುಮುಚುಮು." ನಾನು ಎಂಥಾ ಜಾಣೆ! ಪುಸ್ತಕದಲ್ಲಿ ಸಂಭ್ರಮದಿಂದ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದೆ: ಬೆರಳು ಚುಮುಚುಮು.

ದೊಡ್ಡ ಡಾಕ್ಟರ ಬಳಿ ಬೈಗುಳ ತಿಂದೆ, ಅದು ನ್ಯಾಯವೇ. ರಿಜಿಸ್ಟರಿನಲ್ಲಿ ಇಪ್ಪತ್ತನಾಲ್ಕು ಅಂಗಿಗಳ ಎದುರಿಗೂ 'ಹಾಳಾದ ಮಾದರಿ' ಎಂದು ಬರೆದೆ. ಸಾಲಿನ ಮೊದಲನೆಯ ಅಂಗಿಯನ್ನು ಮಾತ್ರ ಮನೆಗೆ ತಂದಿಟ್ಟುಕೊಂಡೆ. ಆದರೆ ಅಜ್ಜಿ ಹೇಳಿದ್ದನ್ನು ಡಾಕ್ಟರು ಎರಡೆರಡು ಸಲ ಓದಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿಯವರಲ್ಲ ಅವರು. ಮತ್ತೆ ಇಪ್ಪತ್ತನಾಲ್ಕು ಅಂಗಿ ತರಿಸಿದರು. ಈ ಸಲ ಹೊಡೆಯುವ ಮೊದಲೇ ಅಜ್ಜಿಯನ್ನು ಕೇಳಿ, ಯಾರ ಅಂಗಿಯಲ್ಲಿ ಎಲ್ಲಿ ಹೆಚ್ಚು ಬೀಳುತ್ತದೆ ಎಂದು ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿದರು. ನಾನು ಗೂಟದ ಪಕ್ಕದಲ್ಲೇ ಕಾವಲು ನಿಂತು ಅಂಗಿಗಳನ್ನು ಒಯ್ದೆ. ಲ್ಯಾಬಿನಿಂದ ಫಲಿತಾಂಶ ಬಂದ ದಿನ ಡಾಕ್ಟರು ಲಕೋಟೆ ಒಡೆದು ಒಂದೊಂದಾಗಿ ಓದಿದರು. ಬೆನ್ನಿನ ಕೆಳಗೆ ಬಲಗಡೆ, ಸರಿ. ಬಲತೋಳು, ಸರಿ. ಎದೆ, ಸರಿ. ಇಪ್ಪತ್ತೆರಡು ಸರಿ, ಎರಡು ತಪ್ಪು. ಆ ಎರಡು ತಪ್ಪನ್ನು ಅಜ್ಜಿಗೆ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅವ್ರಿಬ್ರೂ ಕ್ಯಾನು ಅದ್ಲುಬದ್ಲು ಮಾಡ್ಕಂಡವ್ರೆ, ಹೋಗ್ ಕೇಳು," ಎಂದರು. ಹೋಗಿ ಕೇಳಿದೆ. ಮಾಡಿಕೊಂಡಿದ್ದರು!

ಡಾಕ್ಟರು ತಾವೇ ಊರಿಗೆ ಬಂದು ಅಜ್ಜಿಯ ಎದುರು ಕಲ್ಲಿನ ಮೇಲೆ ಕೂತರು. "ಇಂಥ ಮಿಷಿನ್ನು ನನ್ನ ಹತ್ರ ಇಲ್ಲಮ್ಮ," ಎಂದರು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ನಾಚಿಕೊಂಡರು. ನಾನಂತೂ ಉಬ್ಬಿಹೋಗಿದ್ದೆ. ಸೊನ್ನೆಯ ಗುಂಪಿನಿಂದ ರಕ್ತ ಕೊಡಲು ಆ ಊರಿನಲ್ಲಿ ಯಾರು ಎಂಬ ಮಾತು ಬಂದಾಗ, ಮೊದಲ ಹೆಸರೇ ಬಟ್ಟೆಯಜ್ಜಿಯದು ಎಂದೆ. ಅಷ್ಟು ಪ್ರೀತಿ.

ನಮ್ಮ ನರಗಳ ಕೆಲಸಕ್ಕೆ ಬೇಕಾದ ಒಂದು ಅಂಶ ರಕ್ತದಲ್ಲಿ ಇರುತ್ತದೆ. ಕೆಲವು ಬಗೆಯ ಔಷಧಿ ಮೈಗೆ ಸೇರಿದರೆ ಅದು ಇಳಿಯುತ್ತದೆ. ಎಷ್ಟು ಇಳಿದಿದೆಯೋ ಅಷ್ಟು ಔಷಧಿ ಒಳಕ್ಕೆ ಹೋಗಿದೆ ಎಂದು ಲೆಕ್ಕ. ರಕ್ತ ಕಳಿಸಿದ ಹದಿನೈದು ದಿನಕ್ಕೆ ಲ್ಯಾಬಿನಿಂದ ಫೋನು ಬಂತು. ಸೊನ್ನೆ ಗುಂಪಿನ ಒಬ್ಬರ ರಕ್ತದಲ್ಲಿ ಅದು ಔಷಧಿ ಹೊಡೆಯುವವರಿಗಿಂತಲೂ ಕೆಳಗಿದೆ, ನೀವು ಟ್ಯೂಬು ಅದಲುಬದಲು ಮಾಡಿದ್ದೀರಿ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಒಂದು ಸಲ ಮದುವೆಗೆ ಹೋಗಿದ್ದಕ್ಕೆ ಜನ್ಮವೆಲ್ಲ ಕಳ್ಳಿ ಅನ್ನಿಸಿಕೊಳ್ಳಬೇಕೇ? ಮಾರನೆಯ ದಿನವೇ ಹೋಗಿ ಅಜ್ಜಿಯ ರಕ್ತ ಮತ್ತೆ ತೆಗೆಸಿ, ನಾನೇ ಲ್ಯಾಬಿಗೆ ಮುಟ್ಟಿಸಿದೆ. ಮತ್ತೆ ಅದೇ ಸಂಖ್ಯೆ.

"ಈ ನಂಬರಿನವರು ಯಾರು?" ಎಂದರು ಡಾಕ್ಟರು.

"ಬಟ್ಟೆಯಜ್ಜಿ ಸಾರ್."

"ಅವರನ್ನ ಸೊನ್ನೆಗೆ ಯಾಕೆ ಹಾಕಿದ್ರಿ?"

"ಅವರು ಔಷಧಿ ಹೊಡೆಯಲ್ಲ ಸಾರ್. ಬಟ್ಟೆ ಒಗೀತಾರೆ."

ಡಾಕ್ಟರು ಕೈಯಲ್ಲಿದ್ದ ವರದಿಯನ್ನು ಕೆಳಗಿಟ್ಟರು. "ಯಾವ ಬಟ್ಟೆ?" ಎಂದರು.

"ಗೂಟದ ಬಟ್ಟೆ ಸಾರ್," ಎಂದೆ. ಆ ಬೆರಳುಗಳನ್ನು ಇಬ್ಬರೂ ಬಾಯ್ತುಂಬ ಹೊಗಳಿದ್ದೆವು. ಆ ಬೆರಳಿಗೆ ಏನಾಗುತ್ತಿದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅಜ್ಜಿ ಕಲ್ಲಿನ ಹತ್ತಿರವೇ ಇದ್ದರು. ರಕ್ತದ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ತಮ್ಮ ಎರಡೂ ಕೈ ನನ್ನ ಮುಂದೆ ಚಾಚಿದರು. ಸಣ್ಣಗೆ ನಡುಗುತ್ತಿದ್ದವು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮಗಾ? ಸೂಜಿಗೆ ದಾರ ಪೋಣ್ಸಿ ಎರಡು ವರ್ಷ ಆಯ್ತು. ಹೊಡೆಯೋನಿಗೆ ಒಂದಂಗಿ. ನಂಗೆ ಊರಂಗಿ."

"ಮತ್ತೆ ಯಾಕಜ್ಜಿ ನಂಗೆ ಹೇಳ್ಲಿಲ್ಲ?"

"ಔಷ್ದಿ ಹೊಡೀತೀರಾ ಅಂತ ನೀನ್ ಕೇಳ್ದೆ, ನಾನ್ ಇಲ್ಲ ಅಂದೆ. ನೀನ್ ಕೇಳಿದ್ದಕ್ಕೆಲ್ಲ ಹೇಳಿದೀನಲ್ಲವ್ವ."

ಈ ಕೆಲಸ ಇವತ್ತೇ ಬಿಡಿ ಎಂದು ಕೈ ಹಿಡಿದುಕೊಂಡೆ. ಬಿಟ್ಟರೆ ಉಳಿಯುತ್ತೀರಿ, ರಕ್ತ ಮತ್ತೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಅಜ್ಜಿ ತಲೆಯಾಡಿಸಿದರು. "ನಾನ್ ಬಿಟ್ರೆ ಆ ಮನೆಗಳ ಸೊಸೇರು ಒಗೀಬೇಕು. ಬಸ್ರೀರು ಅವ್ರೆ, ಎದೆಹಾಲು ಕೊಡೋರು ಅವ್ರೆ. ಗೊತ್ತಿದ್ದೂ ಗೊತ್ತಿದ್ದೂ ಆ ಗೂಟದ ಬಟ್ಟೆ ಅವ್ರ ಕೈಗೆ ಹೆಂಗೆ ಕೊಡ್ಲಿ?" ರಬ್ಬರ್ ಕೈಗವಸು ಕೊಟ್ಟು ಬಂದೆ. ಎರಡು ದಿನಕ್ಕೆ ಬಿಚ್ಚಿಟ್ಟರು. ಅದು ಹಾಕಿದರೆ ಔಷಧಿ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲವಂತೆ, ತಿಳಿಯದೆ ಒಗೆದರೆ ಪೂರ್ತಿ ಹೋಗುವುದಿಲ್ಲವಂತೆ. ಉಳಿದದ್ದು ತೊಟ್ಟವನ ಮೈಗೆ. ಅವರ ಎದುರು ವಾದ ಮಾಡಿ ಗೆದ್ದವರು ಯಾರು?

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಹೋದಾಗ ಊರೆಲ್ಲ ಗುಸುಗುಸು. ಬಟ್ಟೆಯಜ್ಜಿ ಒಂದು ಗೂಟದಿಂದಲೂ ಬಟ್ಟೆ ತೆಗೆದಿರಲಿಲ್ಲ. ಮೇಲ್ಗೇರಿಯಿಂದ ಶುರು ಮಾಡಿ ಒಂದೊಂದೇ ಗೂಟದ ಮುಂದೆ ನಿಂತು, ಆ ಮನೆಯ ಗಂಡಸನ್ನು ಹೊರಗೆ ಕರೆಯುತ್ತಿದ್ದರು. ನಾನು ಹಿಂದೆ ಹಿಂದೆ ಹೋದೆ. "ಏನಪ್ಪಾ, ನಿನ್ ಕ್ಯಾನು ಸೋರ್ತದೆ, ಮೊದ್ಲು ವಾಷರ್ ಹಾಕ್ಸು." "ಲೇ, ಕೈ ಅದ್ದಿ ಕಲಸ್ಬ್ಯಾಡ, ಕೋಲಿಲ್ವಾ?" "ನೀನು ಗಾಳಿಗೆ ಬೆನ್ನು ಮಾಡ್ಕಂಡು ಹೊಡಿ." ಇಪ್ಪತ್ತನಾಲ್ಕು ಮನೆ, ಇಪ್ಪತ್ತನಾಲ್ಕು ಬೇರೆ ಬೇರೆ ಮಾತು, ಒಂದೂ ತಪ್ಪಿಲ್ಲ. ಕೊನೆಗೆ ಎಲ್ಲರಿಗೂ ಒಂದೇ ಮಾತು: "ಇವತ್ತಿಂದ ಹೊಡೆದೋನೇ ಒಗೀಲಿ. ಹೆಂಡ್ತಿ ಕೈಗೆ ಕೊಟ್ಟೀಯ, ಜ್ವಾಕೆ. ಮೂರು ನೀರಲ್ಲಿ ಜಾಲಿಸು. ಕೈ ಹಾಕ್ಬ್ಯಾಡ, ಕೋಲು ಹಾಕು." ಯಜಮಾನರುಗಳು, ಮೀಸೆ ಹೊತ್ತವರು, ತುಟಿಪಿಟಕ್ಕೆನ್ನದೆ ನಿಂತಿದ್ದರು. ನಾನು ಅಂಥ ಗತ್ತನ್ನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಎಲ್ಲರೂ ಪಾಲಿಸಿದರು ಎಂದರೆ ಸುಳ್ಳಾಗುತ್ತದೆ. ಕೆಲವರು ಒಗೆದರು, ಕೆಲವರು ಕದ್ದು ಹೆಂಡತಿಗೆ ಕೊಟ್ಟರು. ಕ್ಯಾನ್‌ಗಳಂತೂ ರಿಪೇರಿಯಾದವು. ಕೆಲವು ತಿಂಗಳ ಮೇಲೆ ಅಜ್ಜಿಯ ರಕ್ತ ನೋಡಿದಾಗ ಸಂಖ್ಯೆ ಏರಿತ್ತು, ನಾನು ಆಫೀಸಿನಲ್ಲೇ ಕುಣಿದೆ. ಕೈಯ ನಡುಕ ಮಾತ್ರ ಹೋಗಲಿಲ್ಲ. ಕೆಲವು ವರ್ಷಗಳ ನಂತರ, ನಾನು ಬೇರೊಂದು ಸರ್ವೆಗೆ ಓಡಾಡುತ್ತಿದ್ದಾಗ, ಅಜ್ಜಿ ತೀರಿಹೋಗಿ ಹದಿನೈದು ದಿನವಾಯಿತು ಎಂದು ಯಾರೋ ಹೇಳಿದರು. ಕಾರಣ ಇಂಥದ್ದೇ ಎಂದು ಹೇಳಲಾರೆ. ನಮ್ಮ ವಿದ್ಯೆ ಸಾವಿರ ಜನರನ್ನು ಒಟ್ಟಿಗೆ ಇಟ್ಟು ಮಾತಾಡುತ್ತದೆ. ಒಬ್ಬರ ಬಗ್ಗೆ ಕೇಳಿದರೆ ಅದಕ್ಕೆ ಬಾಯಿಲ್ಲ...

ಈಗ ನಾನು ಹೊಸದಾಗಿ ಸರ್ವೆಗೆ ಬರುವವರಿಗೆ ಪಾಠ ಹೇಳುತ್ತೇನೆ. ಅವರ ಕೈಯಲ್ಲಿ ಹಾಳೆಯಿಲ್ಲ, ಟ್ಯಾಬು. ಅದರಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಮನೆಯ ಔಷಧಿ ಬಟ್ಟೆಯನ್ನು ಯಾರು ಒಗೆಯುತ್ತಾರೆ? ಅದನ್ನು ಹಟ ಹಿಡಿದು ಸೇರಿಸಿದವಳು ನಾನು. ಬಟ್ಟೆ ಒಗೆಯುವವರ ಸಾಲಿನಲ್ಲಿ ಈಗ ಸೊನ್ನೆ ಇಲ್ಲ, ಮೂರು ಇದೆ. ಪ್ರತಿ ತಂಡದಲ್ಲೂ ಒಬ್ಬರು, "ಇದೇನು ಮೇಡಂ, ಬಟ್ಟೆ ಒಗೆಯೋರ್ನೆಲ್ಲ ಯಾಕೆ ಕೇಳ್ಬೇಕು?" ಎಂದು ಕೇಳೇ ಕೇಳುತ್ತಾರೆ. ಇನ್ನು ಮುಂದೆ ಈ ಅಂಗಿಯನ್ನು ಒಯ್ದು ತೋರಿಸಬೇಕು ಎಂದುಕೊಂಡಿದ್ದೇನೆ.

ಅವತ್ತು ನೆಲದ ಮೇಲೆ ಕೂತು ಅಂಗಿಯನ್ನು ಮೂಗಿಗೆ ಹಿಡಿದು ನೋಡಿದೆ. ಟ್ರಂಕಿನ ವಾಸನೆ ಬಿಟ್ಟರೆ ಏನೂ ಇಲ್ಲ. ಇದು ಮೊದಲನೆಯ ಅಂಗಿ, ಕ್ಯಾನು ಸೋರುತ್ತಿದ್ದವನದು. ಬೆನ್ನಿನ ಕೆಳಗೆ ಬಲಗಡೆ ಬೆರಳಿಟ್ಟೆ. ನನ್ನ ಬೆರಳಿಗೆ ಏನೂ ಗೊತ್ತಾಗಲಿಲ್ಲ. ಒಂದು ಚೂರೂ ಉಳಿಸಿರಲಿಲ್ಲ, ಇದ್ದಷ್ಟನ್ನೂ ಅಜ್ಜಿಯೇ ತೆಗೆದುಕೊಂಡಿದ್ದರು. ಅವರು ಮಡಿಸಿದ ಗೆರೆಯಲ್ಲೇ ಮಡಿಸಿ, ಗುರುತು ಮೇಲೆ ಬರುವ ಹಾಗೆ ಬೀರುವಿನಲ್ಲಿಟ್ಟೆ.